ಚನ್ನಾಜಮ್ಮನ ಮಧ್ಯಾಹ್ನದ ಮುದ್ದೆ

ಬೆಂಗಳೂರಿನ ತುಮಕೂರು ರಸ್ತೆ ಅಂದರೆ ಗೊತ್ತಲ್ಲ, ಮಳೆಗಾಲದ ಹೊಳೆಯನ್ನಾದರೂ ದಾಟಬಹುದು, ಅದನ್ನು ದಾಟೋದು ಕಷ್ಟ. ಅದರ ಆಚೆ ಬದಿಯಲ್ಲಿ ಚನ್ನಾಜಮ್ಮ ಸೊಪ್ಪು ಮಾರುತ್ತಿದ್ದಳು. ಮನೆ ಈಚೆ. ಸಕ್ಕರೆ ಕಾಯಿಲೆಯವಳು, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕಣ್ಣು ಕತ್ತಲೆ. ಮಗ ಕೆಂಪರಾಜ ಮುದ್ದೆ ತಿರುವುವುದರಲ್ಲಿ ಗಟ್ಟಿಗ. ಉಳಿದದ್ದೆಲ್ಲ ದೇವರಿಗೇ ಪ್ರೀತಿ.

"ಮಧ್ಯಾಹ್ನ ಬುತ್ತಿ ತಗೊಂಡು ಬಾರಪ್ಪ. ಗಾಡಿ ಎಲ್ಲಾ ನಿಂತ ಮೇಲೆ ದಾಟು," ಅಂದಳು.

ಕೆಂಪರಾಜ ಕಾದ, ಕಾದ. ಲಾರಿ ನಿಂತರೆ ಬೈಕು ನಿಲ್ಲದು, ಬೈಕು ನಿಂತರೆ ಆಟೋ ನಿಲ್ಲದು. ಹೊತ್ತು ಮುಳುಗಿತು.

"ಅಯ್ಯೋ ಪೆದ್ದಾ! ಅವು ತಾವಾಗಿ ನಿಲ್ತವೇನೋ? ಕೈ ಅಡ್ಡ ಹಿಡೀಬೇಕು ಕಣೋ!"

"ಹೂನಮ್ಮ."

ಮಾರನೆಯ ದಿನ ಕೈ ಅಡ್ಡ ಹಿಡಿದ. ಸಿಟಿ ಬಸ್ಸು ನಿಂತಿತು. "ಹತ್ತಪ್ಪ, ಬೇಗ ಹತ್ತು!" ಅಂದ ಕಂಡಕ್ಟರು. ಹತ್ತಿದ. ಬುತ್ತಿ ಮೆಜೆಸ್ಟಿಕ್ ನೋಡಿಕೊಂಡು ಬಂತು. ಚನ್ನಾಜಮ್ಮ ನೀರು ಕುಡಿದು ಕೂತಳು.

"ಕರೆದವರ ಹಿಂದೆಲ್ಲಾ ಹೋಗ್ತಾರೇನೋ? ಯಾರು ಕರೆದರೂ ತಿರುಗಿ ನೋಡಬೇಡ! ದಾಟೋ ಜನರ ಜೊತೆ ದಾಟು, ಅವರ ಬೆನ್ನು ಬಿಡಬೇಡ!"

"ಹೂನಮ್ಮ."

ಮೂರನೆಯ ದಿನ ರೇಷ್ಮೆ ಸೀರೆಯವರ ಗುಂಪೊಂದು ದಾಟಿತು. ಕೆಂಪರಾಜನೂ ದಾಟಿದ! ಚನ್ನಾಜಮ್ಮನಿಗೆ ಹೋದ ಜೀವ ಬಂತು. ಮಗ ಅವಳ ಪಕ್ಕದಲ್ಲೇ ಹಾದುಹೋದ.

"ಲೋ ಕೆಂಪಾ! ನಾನು ಕಣೋ, ನಿಮ್ಮಮ್ಮ!"

ತಿರುಗಿ ನೋಡಿದರೆ ಕೇಳಿ! ಗುಂಪಿನ ಬೆನ್ನು ಹಿಡಿದು ಕಲ್ಯಾಣ ಮಂಟಪ ಸೇರಿ, ಎಲೆಯೂಟ ಮುಗಿಸಿ, ಅವರ ಜೊತೆಗೇ ವಾಪಸು ದಾಟಿ, ತಾಂಬೂಲದ ಚೀಲ ಹಿಡಿದು ಮನೆ ಸೇರಿದ.

ಬಯ್ಯೋಕೂ ತ್ರಾಣವಿರಲಿಲ್ಲ ಅವಳಿಗೆ. "ನನ್ನಪ್ಪಾ, ರಸ್ತೆ ಮುಗಿದ ಕೂಡಲೇ ನಿಂತುಬಿಡೋ," ಅಂದಳು.

"ಹೂನಮ್ಮ."

ಮರುದಿನ ಅರ್ಧ ದಾಟಿದ. ನಡುವೆ ಡಿವೈಡರ್. ರಸ್ತೆ ಮುಗಿಯಿತು, ನಿಂತುಬಿಟ್ಟ.

"ಬಾರೋ ಈಚೆಗೆ!" ಚನ್ನಾಜಮ್ಮ ತನ್ನ ಬದಿಯಿಂದ ಕೂಗಿದಳು.

"ಇಲ್ಲಿಂದ ಇನ್ನೊಂದು ರಸ್ತೆ ಶುರುವಾಗುತ್ತಮ್ಮ! ನೀನು ರಸ್ತೆ ಮುಗಿದ ಕೂಡಲೇ ನಿಲ್ಲು ಅಂದಿದ್ದೆ!"

"ಹಾಗಾದರೆ ಯಾರ ಕೈಲಾದರೂ ಕೊಟ್ಟು ಕಳಿಸೋ!"

ಕೆಂಪರಾಜ ಬುತ್ತಿ ಅವಚಿಕೊಂಡು ಆ ಕಡೆ ಈ ಕಡೆ ನೋಡಿದ. ಚನ್ನಾಜಮ್ಮನ ಕಣ್ಣು ಮಂಜಾಗತೊಡಗಿತ್ತು. ಇವನನ್ನು ನಂಬಿದರೆ ಇವತ್ತು ನನ್ನ ಹೆಣ ಬೀಳುತ್ತೆ ಅಂದುಕೊಂಡು ಎದ್ದಳು. ಸೆರಗು ಸಿಕ್ಕಿಸಿ, ಲಾರಿಗೆ ಕೈ ತೋರಿಸಿ, ಆಟೋದವನಿಗೆ ಬೈದು, ಏದುಸಿರು ಬಿಡುತ್ತಾ ಡಿವೈಡರ್ ಮುಟ್ಟಿ ಧೊಪ್ಪನೆ ಕೂತಳು.

"ಕೊಡೋ ಬುತ್ತಿ."

"ಆಗಲೇ ಕಳಿಸಿದೆನಲ್ಲಮ್ಮ! ಪೊಲೀಸಪ್ಪ ಒಬ್ಬರು ಆ ಕಡೆ ಹೊರಟಿದ್ದರು."

"ನಾನು ಬರ್ತಿದ್ದದ್ದು ಕಾಣಲಿಲ್ವೇನೋ?"

"ಕಂಡಿತು. ನಿನ್ನ ಪಕ್ಕದಲ್ಲೇ ಹೋದರಲ್ಲ!"

ತಿರುಗಿ ನೋಡಿದಳು. ಆಚೆ ಬದಿಯಲ್ಲಿ, ಅವಳ ಗೋಣಿತಾಟಿನ ಮೇಲೆ, ಸೊಪ್ಪಿನ ಕಂತೆಗಳ ನಡುವೆ ಬುತ್ತಿ ನೆಟ್ಟಗೆ ಕೂತಿತ್ತು. ಮಧ್ಯೆ ಲಾರಿ, ಬಸ್ಸು, ಮತ್ತೆ ಲಾರಿ.

"ಇಲ್ಲಿ ಯಾಕೆ ಕೂತೆಯಮ್ಮ?" ಅಂದ ಮಗ. "ಹೋಗಿ ಉಣ್ಣು. ಮುದ್ದೆ ಆರಿಹೋಗುತ್ತೆ."