ನರಿ ಜವರಯ್ಯನ ‘ಆಯ್ತು’

ಒಂದು ಕಾಡಿನಲ್ಲಿ ಎಲ್ಲರ ಬಳಿಯೂ ಒಂದೊಂದು ಫೋನಿತ್ತು. ಕಾಡಿಗೆ ಫೋನು ಎಲ್ಲಿಂದ ಬಂತು ಎಂದು ಕೇಳಬೇಡಿ ಮಕ್ಕಳೇ. ನರಿ ಮಾತಾಡಿತು ಎಂದರೆ ನಂಬುತ್ತೀರಿ, ನರಿ ಫೋನಿನಲ್ಲಿ ಮಾತಾಡಿತು ಎಂದರೆ ನಂಬುವುದಿಲ್ಲವೇ? ಜಿಂಕೆ ತನ್ನ ಫೋನನ್ನು ಕೊಂಬಿಗೆ ನೇತುಹಾಕಿಕೊಂಡಿತ್ತು. ಆನೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿತ್ತು. ಕರಡಿಯಣ್ಣ ಮಾತ್ರ ಎಲ್ಲಿಟ್ಟೆ, ಎಲ್ಲಿಟ್ಟೆ ಎಂದು ದಿನವೂ ಹುಡುಕುತ್ತಿದ್ದ.

ಆ ಕಾಡಿನಲ್ಲಿ ಮಾದಪ್ಪ ಎಂಬ ಮಂಗಟ್ಟೆ ಹಕ್ಕಿ ಇದ್ದ. ಅವನ ಹೆಂಡತಿ ಕೇತಮ್ಮ. ಈ ದೊಡ್ಡ ಕೊಕ್ಕಿನ ಮಂಗಟ್ಟೆಗಳ ಸಂಸಾರವೇ ಬೇರೆ. ಮೊಟ್ಟೆ ಇಡುವ ಕಾಲ ಬಂದರೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಕೂರುತ್ತದೆ. ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಮರಿ ದೊಡ್ಡದಾಗುವ ತನಕ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಗಂಡು ಬರದಿದ್ದರೆ ತಾಯಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ.

ಕೇತಮ್ಮ ಪೊಟರೆ ಸೇರಿದಾಗಿನಿಂದ ಮಾದಪ್ಪ ಒಂದು ಹೊತ್ತೂ ತಪ್ಪಿಸಿದವನಲ್ಲ. ಆದರೆ ಒಂದು ಸಂಜೆ ಬಿರುಗಾಳಿಗೆ ಕೊಂಬೆ ಮುರಿದು ಅವನ ರೆಕ್ಕೆಯ ಮೇಲೆ ಬಿತ್ತು. ಆನೆ ದೊಡ್ಡಮ್ಮ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋದಳು. ಗುಡ್ಡದ ಈಚೆ, ಹಳ್ಳದ ಪಕ್ಕದ ಬಿದಿರುಮೆಳೆಯಲ್ಲಿ ಗಾಳಿ ತಾಗದ ಕಡೆ ಮಲಗಿಸಿ ರೆಕ್ಕೆಗೆ ಸೊಪ್ಪು ಕಟ್ಟಿದಳು.

“ಅಲ್ಲಾಡಬೇಡ ಕಣಪ್ಪ. ಮೂಳೆ ಕೂಡಬೇಕು,” ಅಂದಳು.

“ನಾನಿಲ್ಲಿ ಮಲಗಿದ್ರೆ ಗುಡ್ಡದಾಚೆ ಕೇತಮ್ಮ ಏನು ತಿಂತಾಳೆ ದೊಡ್ಡಮ್ಮ?” ಎಂದು ಮಾದಪ್ಪ ಅತ್ತೇಬಿಟ್ಟ.

ಆಗ ಮರದಿಂದ ಸರ್ರನೆ ಇಳಿದು ಬಂದವಳು ಕೆಂದಳಿಲು ಕೆಂಪಿ. ಕಾಡಿನಲ್ಲಿ ಯಾರ ಫೋನು ಕೆಟ್ಟರೂ ಅವಳೇ ಸರಿಮಾಡಬೇಕು. “ಅಳಬೇಡಿ ಮಾದಪ್ಪಣ್ಣ. ನಾವು ಇಷ್ಟೊಂದು ಜನ ಇರೋದು ಯಾಕೆ? ನನ್ನ ಹತ್ರ ಒಂದು ಉಪಾಯ ಇದೆ,” ಅಂದಳು.

ಅವಳು ಒಂದು ಆ್ಯಪ್ ಮಾಡಿದಳು. ಅದರ ಹೆಸರು ‘ಸರದಿ’. ಕೇತಮ್ಮನಿಗೆ ಯಾರು ಯಾವಾಗ ಹಣ್ಣು ಕೊಡಬೇಕು ಎನ್ನುವುದನ್ನು ಅದು ನೆನಪಿಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಕೂಗಿ ಹೇಳುತ್ತಿತ್ತು. ಗೊರಸು, ಪಂಜ, ಕೊಕ್ಕು ಇರುವವರು ಅಷ್ಟು ಸಣ್ಣ ಅಕ್ಷರ ಒತ್ತುವುದು ಹೇಗೆ? ಅದಕ್ಕೇ ಕೆಂಪಿ ಎಲ್ಲವನ್ನೂ ಬಾಯಿಮಾತಿನಲ್ಲೇ ನಡೆಯುವಂತೆ ಮಾಡಿದ್ದಳು. ಕೆಲಸ ಮುಗಿಸಿದವರು ಫೋನಿಗೆ ‘ಆಯ್ತು’ ಎಂದರೆ ಸಾಕು. ಅವರ ಹೆಸರಿನ ಪಕ್ಕ ಒಂದು ಹೂವು ಅರಳುತ್ತಿತ್ತು. ಎಲ್ಲರ ಫೋನಿನಲ್ಲೂ ಆ ಸುದ್ದಿ ಕೇಳಿಸುತ್ತಿತ್ತು. ಪೊಟರೆ ಸೇರುವಾಗ ಫೋನು ಹೊರಗೇ ಬಿಟ್ಟಿದ್ದ ಕೇತಮ್ಮನಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

ಕೇತಮ್ಮನ ಮರ ಗಾಳಿಗೆ ವಾಲಿ ಒಂದು ಬಂಡೆಗೆ ಒರಗಿಕೊಂಡಿತ್ತು. ಬಂಡೆ ಹತ್ತಿದರೆ ಪೊಟರೆಯ ಸೀಳು ಯಾರಿಗಾದರೂ ಎಟುಕುತ್ತಿತ್ತು. ಹಾಗಾಗಿ ಎಲ್ಲರೂ ಸರದಿಗೆ ಹೆಸರು ಕೊಟ್ಟರು.

ಏನು ಚೆಂದದ ಆ್ಯಪ್ ಅಂತೀರಿ ಅದು! ಯಾವ ಮರದಲ್ಲಿ ಅತ್ತಿಹಣ್ಣು ಮಾಗಿದೆ ಎಂದು ಗಿಣಿಗಳನ್ನು ಕೇಳಿ ಜಿಂಕೆಗೆ ಹೇಳುತ್ತಿತ್ತು. ದಾರಿಯಲ್ಲಿ ಆಟಕ್ಕೆ ನಿಂತ ಮುಸುವ ಕೋತಿಗಳನ್ನು ಗದರಿಸಿ ಕಳಿಸುತ್ತಿತ್ತು. ಕರಡಿಯಣ್ಣನ ಮರೆವು ಗೊತ್ತಿದ್ದರಿಂದ ಮೊದಲು ಜೋರಾಗಿ ಹಾಡಿ ಅವನಿಗೆ ಫೋನು ಸಿಗುವಂತೆ ಮಾಡಿ, ಆಮೇಲೆ ಕೆಲಸ ಹೇಳುತ್ತಿತ್ತು. ಬಿದಿರುಮೆಳೆಯಲ್ಲಿ ಮಲಗಿದ್ದ ಮಾದಪ್ಪ ಫೋನಿನಲ್ಲಿ ಒಂದೊಂದೇ ಹೂವು ಅರಳುವುದನ್ನು ನೋಡುತ್ತಿದ್ದ. ಒಂದು ಹೂವು ಎಂದರೆ ಕೇತಮ್ಮನಿಗೆ ಒಂದು ಹೊತ್ತಿನ ಊಟ. ‘ಈ ಕೆಂಪಿಯ ತಲೆಯೇ ತಲೆ!’ ಎಂದು ಅವನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಆದರೆ ನಮ್ಮ ಮಾತಿನ ವರಸೆ ನಿಮಗೆ ಗೊತ್ತಲ್ಲ. ಕೆಲಸ ಮುಗಿದರೂ ‘ಆಯ್ತು’ ಅನ್ನುತ್ತೇವೆ. ಕೆಲಸ ಮಾಡುತ್ತೇನೆ ಎಂದು ಒಪ್ಪಿಕೊಂಡರೂ ‘ಆಯ್ತು’ ಅನ್ನುತ್ತೇವೆ. ಅಮ್ಮ ‘ಓದ್ಕೋ ಮಗಾ’ ಅಂದರೆ ‘ಆಯ್ತಮ್ಮ’ ಅನ್ನುತ್ತೀರಿ. ಓದಿ ಆಗಿರುತ್ತದೆಯೇ?

ಕರಡಿಯಣ್ಣನಿಗೂ ಹಾಗೇ ಆಯಿತು. “ಕರಡಿಯಣ್ಣ, ನಿನ್ನ ಸರದಿ ಬಂತು,” ಎಂದು ಫೋನು ಹೇಳಿದ ಕೂಡಲೇ ಅವನು ವಿನಯದಿಂದ “ಆಯ್ತು ತಾಯಿ” ಅಂದ. ತಟ್ಟನೆ ಹೂವು ಅರಳಿತು. ಪಾಪ, ಅವನು ಅದನ್ನು ನೋಡಲೂ ಇಲ್ಲ. ಹೋಗಿ ಹಣ್ಣು ಕೊಟ್ಟು ಬಂದು ಮತ್ತೆ “ಆಯ್ತು” ಅಂದ. “ಆಗಲೇ ಆಯ್ತಲ್ಲ ಕರಡಿಯಣ್ಣ,” ಎಂದಿತು ಫೋನು.

“ನನಗೇ ಮರೆವು ಅಂದ್ಕೊಂಡಿದ್ದೆ. ಇದಕ್ಕೂ ಮರೆವಾ?” ಎಂದು ಅವನು ತಲೆ ಕೆರೆದುಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿದ್ದವರೆಲ್ಲ ಹೇಳಿದ ಕೆಲಸ ಮಾಡುವವರು. ಹಾಗಾಗಿ ಇದರಲ್ಲೊಂದು ತೂತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ನಗದೆ ಕುಳಿತವನು ಒಬ್ಬನೇ, ಕೆಲಸ ಎಂದರೆ ತಪ್ಪಿಸಿಕೊಳ್ಳುತ್ತಿದ್ದ ನರಿ ಜವರಯ್ಯ.

ಅಷ್ಟರಲ್ಲಿ ಆನೆ ದೊಡ್ಡಮ್ಮನ ಮೊಮ್ಮಗಳ ನಾಮಕರಣ ಬಂತು. ನಾಮಕರಣ ನಡೆಯುವುದು ಕಾಡಿನ ಆ ತುದಿಯ ಕೆರೆಯ ಹತ್ತಿರ. ಹೋಗಿ ಬರಲು ಒಂದೆರಡು ದಿನ ಬೇಕು. ಕೇತಮ್ಮನಿಗೆ ಹಣ್ಣು ಕೊಡುವವರು ಯಾರು?

“ನಾನಿಲ್ವಾ?” ಎಂದು ಜವರಯ್ಯ ಎದ್ದು ನಿಂತ. “ನೀವೆಲ್ಲ ನೆಮ್ಮದಿಯಾಗಿ ಹೋಗಿ ಬನ್ನಿ. ಕೇತಮ್ಮ ನನಗೆ ತಂಗಿ ಇದ್ದಂಗೆ. ಹಣ್ಣು ಮಾತ್ರ ಮರದ ಬುಡದಲ್ಲಿ ರಾಶಿ ಹಾಕಿ ಹೋಗಿ. ಹೊತ್ತು ಹೊತ್ತಿಗೆ ಕೊಡೋ ಭಾರ ನಂದು.”

ದೊಡ್ಡಮ್ಮನ ಕಣ್ಣು ಒದ್ದೆಯಾಯಿತು. ಅತ್ತಿಹಣ್ಣು, ನೇರಳೆ, ಘಮಘಮಿಸುವ ಹಲಸಿನ ತೊಳೆ ಎಲ್ಲವನ್ನೂ ರಾಶಿ ಹಾಕಿ ಎಲ್ಲರೂ ಹೊರಟರು. ಅವರ ಬಾಲ ಮರೆಯಾಗುವುದೇ ತಡ, ಜವರಯ್ಯ ರಾಶಿಯ ಮೇಲೆ ಕಾಲು ಚಾಚಿ ಮಲಗಿದ.

“ಜವರಯ್ಯನವರೇ, ಹಣ್ಣು ಕೊಡುವ ಹೊತ್ತು,” ಎಂದಿತು ಫೋನು.

“ಆಯ್ತು,” ಅಂದ ಜವರಯ್ಯ, ಬಾಯಿ ತುಂಬ ಹಲಸು ತುಂಬಿಕೊಂಡು.

ಹೂವು ಅರಳಿತು. ಕೆರೆಯ ದಾರಿಯಲ್ಲಿದ್ದ ಎಲ್ಲರ ಫೋನೂ ಸುದ್ದಿ ಹೇಳಿತು. ಮತ್ತೆ ಹೊತ್ತಾಯಿತು, ಮತ್ತೆ ‘ಆಯ್ತು’. ಮತ್ತೊಂದು ಹೂವು. “ನೋಡಿ, ಜವರಯ್ಯ ಎಷ್ಟು ಬದಲಾದ!” ಎಂದು ದಾರಿಯುದ್ದಕ್ಕೂ ಅವನದೇ ಗುಣಗಾನ.

ಬಿದಿರುಮೆಳೆಯಲ್ಲಿ ಮಾದಪ್ಪನೂ ಮೊದಲು ಹಿಗ್ಗಿದ. ಆದರೆ ಮಾರನೆಯ ಬೆಳಿಗ್ಗೆ ಅವನನ್ನು ಒಂದು ವಿಷಯ ಕೊರೆಯತೊಡಗಿತು. ಫೋನು ಸರದಿ ಕೂಗುತ್ತದೆ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ‘ಆಯ್ತು’ ಬರುತ್ತದೆ. ಇದು ಹೇಗೆ ಸಾಧ್ಯ? ಬಂಡೆ ಹತ್ತಬೇಕು. ಹಣ್ಣು ಕೊಡಬೇಕು. ಅವಳು ‘ಇದು ಹುಳಿ, ಇದು ಕಾಯಿ, ಇದು ಮೊನ್ನೆಯದು’ ಎಂದು ಬೈಯಬೇಕು. ಕೇತಮ್ಮ ಬೈಯದೆ ಒಂದು ಹಣ್ಣೂ ತಿಂದವಳಲ್ಲ. ಅದಕ್ಕೇ ಎಷ್ಟು ಹೊತ್ತು ಬೇಕು!

ಮಾದಪ್ಪ ಎದ್ದು ಹಾರಲು ನೋಡಿದ. ರೆಕ್ಕೆ ಬಿಚ್ಚಲಾಗದೆ ಮುಗ್ಗರಿಸಿ ಬಿದ್ದ. ಕುಪ್ಪಳಿಸುತ್ತ ಹೊರಟ. ಹಳ್ಳದ ಅಂಚಿಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಕೊನೆಗೆ ಮೆಳೆಗೇ ಮರಳಿ ಕೆಂಪಿಗೆ ಫೋನು ಮಾಡಿದ.

“ಕೆಂಪಿ, ಜವರಯ್ಯ ಹಣ್ಣು ಕೊಡ್ತಾ ಇಲ್ಲ ಅನ್ಸುತ್ತೆ ಕಣಮ್ಮ.”

“ಅಯ್ಯೋ, ಏನಣ್ಣ ನೀವು? ಒಂದು ಹೊತ್ತೂ ಬಿಡದೆ ಹೂವು ಅರಳಿದೆ ನೋಡಿ. ನನ್ನ ಆ್ಯಪ್ ಸುಳ್ಳು ಹೇಳಲ್ಲ. ಪಾಪ, ಅಷ್ಟು ಕಷ್ಟಪಡೋರ ಮೇಲೆ ಅನುಮಾನ ಪಡಬಾರದು,” ಎಂದಳು ಕೆಂಪಿ. ಹಿಂದೆ ನಗಾರಿಯ ಸದ್ದು ಕೇಳುತ್ತಿತ್ತು.

ಮಾದಪ್ಪ ಫೋನು ಕೆಳಗಿಟ್ಟ. ಅವಳದೂ ತಪ್ಪಲ್ಲ. ಆ್ಯಪ್ ಕೇಳಿಸಿಕೊಂಡದ್ದನ್ನು ಹೇಳುತ್ತದೆ. ಅಲ್ಲಿ ಕೇತಮ್ಮ ಹಸಿದು ಕೂತಿದ್ದಾಳೆ, ಇಲ್ಲಿ ಹೂವಿನ ಮೇಲೆ ಹೂವು ಅರಳುತ್ತಿದೆ. ಇದನ್ನು ಎಲ್ಲರೂ ನಂಬುವಂತೆ ಮಾಡುವುದು ಹೇಗೆ? ಅವನು ಕರಡಿಯಣ್ಣನ ‘ಆಯ್ತು ತಾಯಿ’ಯನ್ನು ನೆನೆದ. ಇದ್ದಕ್ಕಿದ್ದ ಹಾಗೆ ಅವನ ಕಣ್ಣು ಮಿನುಗಿತು. ಫೋನನ್ನು ಕೊಕ್ಕಿನ ಹತ್ತಿರ ಎಳೆದುಕೊಂಡು ಮೆಲ್ಲಗೆ ಹೇಳಿದ:

“ಸರದಿಗೆ ಒಂದು ಹೊಸ ಕೆಲಸ ಸೇರಿಸಮ್ಮ. ಜವರಯ್ಯನವರು ಹುಲಿರಾಯರ ಮೀಸೆ ಕಿತ್ತು ತರಬೇಕು.”

“ಸೇರಿಸಿದೆ,” ಎಂದಿತು ಫೋನು. ಅದಕ್ಕೇನು ಗೊತ್ತು ಪಾಪ, ಮೀಸೆಯ ಮಹಿಮೆ?

ಅತ್ತ ಮರದ ಬುಡದಲ್ಲಿ ಜವರಯ್ಯನ ಫೋನು, “ಜವರಯ್ಯನವರೇ, ಹುಲಿರಾಯರ ಮೀಸೆ ಕಿತ್ತು ತರುವ ಸರದಿ ನಿಮ್ಮದು,” ಎಂದು ಸ್ಪಷ್ಟವಾಗಿಯೇ ಹೇಳಿತು. ಹೊಟ್ಟೆ ಬಿರಿಯೆ ತಿಂದು ತೂಕಡಿಸುತ್ತಿದ್ದ ಜವರಯ್ಯನಿಗೆ ತನ್ನ ಹೆಸರಷ್ಟೇ ಕೇಳಿಸಿತು.

“ಆಯ್ತು, ಆಯ್ತು,” ಎಂದು ಮಗ್ಗುಲು ಬದಲಿಸಿದ.

ಕೆರೆಯ ದಡದಲ್ಲಿ ಆಗಷ್ಟೇ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಹುಲಿರಾಯರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಇವತ್ತು ಯಾರನ್ನೂ ತಿನ್ನುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದರು. ಅಷ್ಟರಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿದವು:

“ಶುಭ ಸಮಾಚಾರ! ನರಿ ಜವರಯ್ಯನವರು ಹುಲಿರಾಯರ ಮೀಸೆ ಕಿತ್ತು ತಂದರು. ಕೆಲಸ ಆಯ್ತು! ಎಲ್ಲರೂ ಚಪ್ಪಾಳೆ ತಟ್ಟಿ!”

ನಗಾರಿ ನಿಂತಿತು. ಹುಲಿರಾಯರು ನಿಧಾನವಾಗಿ ಪಂಜ ಎತ್ತಿದರು. ಎಡಗಡೆಯ ಮೀಸೆ ಮುಟ್ಟಿ ನೋಡಿಕೊಂಡರು. ಬಲಗಡೆಯದನ್ನೂ ಮುಟ್ಟಿ ನೋಡಿಕೊಂಡರು.

“ಕೆಂಪಿ, ನನ್ನ ಮೀಸೆ ಇದೆಯೇನಮ್ಮ?”

“ಇ... ಇದೆ ಪ್ರಭು.”

“ಹಾಗಾದ್ರೆ ಅವನು ಕಿತ್ತಿದ್ದು ಯಾರದ್ದು?”

ಕೆಂಪಿಯ ಬಾಲದ ಕೂದಲೆಲ್ಲ ನೆಟ್ಟಗಾಯಿತು. “ಅಯ್ಯೋ ದೇವರೇ! ಮೀಸೆ ಸುಳ್ಳಾದ್ರೆ ಹಣ್ಣೂ ಸುಳ್ಳು! ಕೇತಮ್ಮಕ್ಕ!” ಎಂದು ಚೀರಿ, ಸಿಕ್ಕಿದ ಹಣ್ಣು ಕಚ್ಚಿಕೊಂಡು ಮರದಿಂದ ಮರಕ್ಕೆ ನೆಗೆದಳು. ಮುಸುವಗಳು ಅವಳ ಹಿಂದೆ ಹಾರಿದವು. ಕೆಳಗೆ ಜಿಂಕೆ, ಕರಡಿ, ಆನೆ, ಎಲ್ಲರ ಮುಂದೆ ಹುಲಿರಾಯರು. ಇಡೀ ನಾಮಕರಣವೇ ಓಡಿತು.

ಬಿದಿರುಮೆಳೆಯಲ್ಲಿ ಮಾದಪ್ಪ ಫೋನಿಗೆ ಕಿವಿಯಿಟ್ಟು ಕುಳಿತಿದ್ದ. ಎಷ್ಟೋ ಹೊತ್ತಿನ ಮೇಲೆ ಕೆಂಪಿಯ ಫೋನು ಬಂತು, ಅವಳ ಏದುಸಿರು ಕೇಳಿಸಿತು. “ಕೇತಮ್ಮಕ್ಕ... ಕೇತಮ್ಮಕ್ಕ...” ಎಂದು ಅವಳು ಪೊಟರೆ ತಟ್ಟುತ್ತಿದ್ದಳು. ಒಳಗಿನಿಂದ ಸದ್ದಿಲ್ಲ. ಮಾದಪ್ಪ ಕಣ್ಣು ಮುಚ್ಚಿಕೊಂಡ. ಅವನಿಗೆ ಲೋಕವೇ ಬೇಡವಾಯಿತು.

ಆಮೇಲೆ ಸೀಳಿನಿಂದ ಕೊಕ್ಕಿನ ತುದಿ ಹೊರಬಂತಂತೆ. ಕೆಂಪಿ ಒಂದು ಹಣ್ಣು ಇಟ್ಟಳಂತೆ. ಅದನ್ನು ಕೇತಮ್ಮ ಒಳಗೆ ಮರಿಗೆ ಕೊಟ್ಟಳು. ಎರಡನೆಯದನ್ನೂ ಮರಿಗೇ ಕೊಟ್ಟಳು. ಮೂರನೆಯದನ್ನು ತಾನು ನುಂಗಿ, ಬತ್ತಿದ ದನಿಯಲ್ಲಿ ಕೇಳಿದಳು:

“ಇವರೆಲ್ಲಿ? ರೆಕ್ಕೆ ಹೇಗಿದೆ? ಸೊಪ್ಪು ಕಟ್ಟಿದ್ದೀರೋ ಇಲ್ವೋ?”

ಆ ದನಿ ಫೋನಿನಲ್ಲಿ ಕೇಳಿಸಿದಾಗ ಮಾದಪ್ಪ ಗೊಳೋ ಎಂದು ಅತ್ತ. ಅಷ್ಟು ಸಂತೋಷ ಅವನಿಗೆ ಜೀವಮಾನದಲ್ಲೇ ಆಗಿರಲಿಲ್ಲ.

ಜವರಯ್ಯ ಇನ್ನೂ ನಿದ್ದೆಯಲ್ಲೇ ಇದ್ದ. ಮೂತಿಗೆಲ್ಲ ಹಲಸಿನ ಅಂಟು ಮೆತ್ತಿತ್ತು. ಕಣ್ಣು ಬಿಟ್ಟರೆ ಎದುರಿಗೇ ಹುಲಿರಾಯರ ಮುಖ.

“ಎದ್ದೆಯಾ ಜವರಯ್ಯ? ಮೀಸೆ ಕಿತ್ತೆ ಅಂತ ಊರಿಗೆಲ್ಲ ಹೇಳಿದ್ದೀಯ. ನಾನೇ ಬಂದಿದ್ದೀನಿ. ಎಲ್ಲಿ, ಕೀಳು ನೋಡೋಣ,” ಎಂದು ಅವರು ಮುಖ ಮುಂದಕ್ಕೆ ಚಾಚಿದರು.

ಜವರಯ್ಯನಿಗೆ ಅಂಟು ಮೆತ್ತಿದ ತುಟಿ ಬಿಡಿಸಿಕೊಂಡು ಬಾಯಿಬಿಡಲು ಸ್ವಲ್ಪ ಹೊತ್ತೇ ಬೇಕಾಯಿತು. “ಆ... ಆಗಲ್ಲ ಮಹಾಪ್ರಭು! ಖಂಡಿತ ಆಗಲ್ಲ!” ಎಂದು ಕಾಲಿಗೆ ಬಿದ್ದ.

“ಇವತ್ತು ಯಾರನ್ನೂ ತಿನ್ನಲ್ಲ ಅಂತ ಮಾತು ಕೊಟ್ಟಿದ್ದೀನಿ, ಬದುಕಿಕೊಂಡೆ,” ಅಂದರು ಹುಲಿರಾಯರು. “ಮರಿ ಹಾರುವ ತನಕ ಹಣ್ಣು ಕೊಡುವ ಕೆಲಸವೆಲ್ಲ ನಿನ್ನದು. ತಪ್ಪಿದರೆ ಮೀಸೆ ಕೀಳುವ ಸರದಿ ನನ್ನದು.”

ಕೆಂಪಿ ಬಿದಿರುಮೆಳೆಗೆ ಓಡಿ ಬಂದು ಮಾದಪ್ಪನ ಮುಂದೆ ತಲೆ ತಗ್ಗಿಸಿ ನಿಂತಳು. “ನಿಮ್ಮ ಮಾತು ನಂಬಲಿಲ್ಲ, ತಪ್ಪಾಯ್ತು ಅಣ್ಣ. ಆ್ಯಪ್ ಅಳಿಸಿಹಾಕ್ತೀನಿ.”

“ಹುಚ್ಚಿ! ಅದಿಲ್ಲದೆ ಹೋಗಿದ್ರೆ ಕೇತಮ್ಮ ಯಾವತ್ತೋ ಹೋಗಿಬಿಡ್ತಿದ್ದಳು. ಹುಲಿರಾಯರನ್ನ ಕರೆತಂದಿದ್ದೂ ಅದೇ ಅಲ್ವಾ? ಅಳಿಸಬೇಡ. ‘ಆಯ್ತು’ ಅನ್ನೋ ಮಾತು ಯಾರ ಬಾಯಿಂದ ಕೇಳಬೇಕು ಅನ್ನೋದನ್ನ ಮಾತ್ರ ಬದಲಾಯಿಸು,” ಎಂದ ಮಾದಪ್ಪ.

ಕೆಂಪಿ ಅಲ್ಲೇ ಕೂತು ಬದಲಾಯಿಸಿದಳು. ಮುಸುವಗಳು ಒಂದು ಫೋನನ್ನು ಪೊಟರೆಯ ಸೀಳಿಗೆ ಬಳ್ಳಿಯಿಂದ ಕಟ್ಟಿದವು.

ಮಾರನೆಯ ದಿನ ಬಿಸಿಲೇರಿದಾಗ ಫೋನು ಸರದಿ ಕೂಗಿತು. ಜವರಯ್ಯ ಎರಡು ದವಡೆಯ ತುಂಬ ಅತ್ತಿಹಣ್ಣು ಕಚ್ಚಿಕೊಂಡು ಏದುಸಿರು ಬಿಡುತ್ತ ಬಂಡೆ ಹತ್ತಿದ. ಬಾಯಿ ತುಂಬಿದ್ದರಿಂದ ಒಂದಕ್ಷರವೂ ಹೊರಡಲಿಲ್ಲ. ಹಣ್ಣುಗಳನ್ನು ಒಂದೊಂದಾಗಿ ಸೀಳಿನಲ್ಲಿಟ್ಟು, ಕಿವಿ ನಿಮಿರಿಸಿ ಕಾದು ನಿಂತ. ಒಳಗೆ ತಾಯಿ ತಿಂದಳು, ಮರಿ ತಿಂದಿತು. ಆಮೇಲೆ ಪೊಟರೆಯೊಳಗಿನಿಂದ ಕೇತಮ್ಮ ಹೇಳಿದಳು: “ಆಯ್ತು.”

ನೀತಿ: ‘ಆಯ್ತು’ ಎಂದು ಹೇಳಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಎಷ್ಟೇ ಜಾಣ ಸಾಧನವಾದರೂ ನಮ್ಮ ಮಾತನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಆ ಮಾತನ್ನು ನಿಜ ಮಾಡಬೇಕಾದವರು ನಾವೇ.