ಮೇಷ್ಟ್ರು ಕಳಿಸಿದ ಅಲೆ

ನೀಲಗಂಗಯ್ಯ ಮೇಷ್ಟ್ರ ಆಶ್ರಮ ಬಟಾಬಯಲಿನಲ್ಲಿತ್ತು. ಆಶ್ರಮ ಅಂತ ಕರೆದದ್ದು ಜನ, ತಮಾಷೆಗೆ. ನಿಜವಾಗಿ ಅದು ಆಕಾಶದ ನಡುಕ ಹಿಡಿಯುವ ಯಂತ್ರದ ಮನೆ. ಹತ್ತಿರ ಲಾರಿ ಹಾದರೂ ಯಂತ್ರ ಬೆಚ್ಚುತ್ತಿದ್ದರಿಂದ ಊರು, ರಸ್ತೆ ಎಲ್ಲ ದೂರ. ಇದ್ದವರು ಮೇಷ್ಟ್ರು ಮತ್ತು ಶಿಷ್ಯೆ ಕಾತ್ಯಾಯಿನಿ, ಇಬ್ಬರೇ.

ದೊಡ್ಡ ನಕ್ಷತ್ರ ಸಿಡಿದು ಸತ್ತ ಜಾಗದಲ್ಲಿ ಕಪ್ಪುಕುಳಿ ಉಳಿಯುತ್ತದೆ. ಬುಗುರಿಯ ಹಾಗೆ ತಿರುಗುವ ಅಂಥ ಎರಡು ಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ ಕೂಡಿಕೊಂಡಾಗ ಆಕಾಶವೇ ನಡುಗಿ ಅಲೆ ಏಳುತ್ತದೆ. ಆ ಅಲೆಗಾಗಿ ಕಾತ್ಯಾಯಿನಿ ವರ್ಷಗಟ್ಟಲೆ ಕಾದು ಕೂತಿದ್ದಳು. ಇವರ ಯಂತ್ರಕ್ಕೆ ಇನ್ನೂ ಒಂದೂ ಸಿಕ್ಕಿರಲಿಲ್ಲ.

ಕೊನೆಗೆ ಅವಳು ಚೀಲ ಕಟ್ಟಿದಳು.

"ಹೋಗ್ತೀನಿ ಮೇಷ್ಟ್ರೇ. ಇಲ್ಲಿ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ."

"ನಾನಿದ್ದೀನಲ್ಲ."

"ನೀವಾ? ಉಪ್ಪು ಬೇಕಾದ್ರೂ ಬೆರಳು ತೋರಿಸ್ತೀರಿ."

ಮೇಷ್ಟ್ರು ನಕ್ಕರು. "ಭಾನುವಾರದ ತನಕ ಇರು. ಆಮೇಲೆ ಹೋಗು."

ಶನಿವಾರ ಬೆಳಿಗ್ಗೆ ಪರದೆಯ ಮೇಲೆ ಅಲೆ ಎದ್ದಿತು. ಸಣ್ಣಗೆ ಶುರುವಾಗಿ, ಬಿರುಸಾಗಿ, ತಟ್ಟನೆ ನಿಂತಿತು.

ಕಾತ್ಯಾಯಿನಿ ಲೆಕ್ಕ ಹಾಕಿದಳು. ಅಳಿಸಿ ಮತ್ತೆ ಹಾಕಿದಳು. ಎರಡು ಕಪ್ಪುಕುಳಿಗಳೇ! ಅವಳಿಗೆ ಅಳು ಬಂತು. ಓಡಿಹೋಗಿ ಚೀಲ ಬಿಚ್ಚಿ, ಬಟ್ಟೆಯನ್ನೆಲ್ಲ ಮತ್ತೆ ಗೂಟಕ್ಕೆ ತಗುಲಿಸಿದಳು.

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದು ನಾನು ಹಾಕಿದ್ದು," ಅಂದರು.

ಕೇಳುವವರು ಎಚ್ಚರವಾಗಿದ್ದಾರೋ ಇಲ್ಲವೋ ನೋಡಲು ಯಂತ್ರದೊಳಗೆ ಗುಟ್ಟಾಗಿ ಸುಳ್ಳು ಅಲೆ ತೂರಿಸುವುದು ಈ ಕೆಲಸದಲ್ಲಿ ಇದ್ದದ್ದೇ. ಅದು ಅವಳಿಗೂ ಗೊತ್ತಿತ್ತು. ಪಾಪ, ಖುಷಿಯಲ್ಲಿ ಮರೆತಿದ್ದಳು.

"ನನ್ನನ್ನ ಉಳಿಸ್ಕೊಳ್ಳೋಕೆ ಮೋಸ ಮಾಡಿದ್ರಾ?"

"ಉಳಿಸ್ಕೊಳ್ಳೋದಾಗಿದ್ರೆ ಹೇಳ್ತಿದ್ನಾ?"

ಅದೂ ನಿಜವೇ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಆ ಸುಳ್ಳನ್ನು ನಂಬಿಕೊಂಡು ಅಲ್ಲೇ ಇದ್ದುಬಿಡುತ್ತಿದ್ದಳು.

"ಹಾಗಾದ್ರೆ ಯಾಕೆ? ಹೋಗೋ ಹೊತ್ತಲ್ಲಿ ನನಗೊಂದು ಪರೀಕ್ಷೆನಾ?"

ಮೇಷ್ಟ್ರು ಒಳಗೆ ಬಂದು, ಗೂಟದಿಂದ ಅವಳ ಬಟ್ಟೆ ಒಂದೊಂದೇ ತೆಗೆದು ಮಡಿಸಿ ಚೀಲಕ್ಕೆ ತುಂಬತೊಡಗಿದರು. ಮಡಿಸುವುದೂ ಅವರಿಗೆ ನೆಟ್ಟಗೆ ಬರುತ್ತಿರಲಿಲ್ಲ.

"ನಿನಗಲ್ಲಮ್ಮ," ಅಂದರು. "ನಾನು ಇಲ್ಲೇ ಮುದುಕನಾದೆ. ಇಲ್ಲಿಂದ ಕೂಗಿದ್ರೆ ಯಾರಿಗಾದ್ರೂ ಕೇಳಿಸುತ್ತಾ ಅಂತ ನೋಡಬೇಕಿತ್ತು."