ಹಿಂದಿನ ಸೀಟು

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯರಲ್ಲಿ ಶಂಭುಲಿಂಗನೂ ಒಬ್ಬ. ಪಟ್ಟಣದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವನದು.

ಅವನ ಹಳೆಯ ಬೈಕು ಹೊಗೆ ಉಗುಳತೊಡಗಿತ್ತು. ಹೊಸದು ಕೊಳ್ಳಬೇಕು, ಆದರೆ ಯಾವುದು? ಮದುವೆಗೆ ಹೆಣ್ಣು ನೋಡುವಾಗಲೂ ಅವನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಗೆಳೆಯನ ದೊಡ್ಡ ಬೈಕನ್ನು ಕೇಳಿ ತಂದು ಮಠದ ಮುಂದೆ ನಿಲ್ಲಿಸಿದ.

“ಅಜ್ಜಾರ, ಇಂಥಾದ್ದ ತಗೋಬೇಕಂತ ಮಾಡೇನ್ರಿ. ಆದ್ರ ದಿನಾ ಡ್ಯೂಟಿಗೆ ಹೋಗಾಕ ಸಣ್ಣದು ಚಲೋ, ಮೈಲೇಜ್ ಕೊಡತೈತಿ. ರವಿವಾರ ಗುಡ್ಡ ಹತ್ತಾಕ ಇದ ಬೇಕು. ಎರಡು ಮನಸಾಗೇತ್ರಿ.”

“ರವಿವಾರ ಯಾರ್‍ಯಾರು ಹೋಗ್ತೀರಿ?”

“ನಾನು, ನನ್ನ ಹೇಣ್ತಿ ನೀಲಾ. ಅಂದ್ರ, ಮೊದಲ ಹೋಗತಿದ್ವಿ. ಈಗ ಆಕಿ ಬರವಲ್ಲಳು.”

“ಯಾಕ?”

“ಹಳೇ ಗಾಡಿ ಬ್ಯಾಸರ ಬಂದಿರಬೇಕ್ರಿ. ಮನ್ಯಾಗೂ ಮಾತು ಕಡಿಮಿ ಆಗ್ಯಾವು. ಚಲೋ ಗಾಡಿ ಬಂತಂದ್ರ ಮತ್ತ ಬಂದಾಳು.”

ಇಷ್ಟು ಹೇಳುವಾಗ ಅವನ ದನಿ ಸಣ್ಣದಾಯಿತು. ಬೈಕಿನ ಆಸೆ ಒಂದು ಪಾಲಾದರೆ, ಹೆಂಡತಿ ಮತ್ತೆ ಹಿಂದೆ ಕೂತಾಳೆಂಬ ಆಸೆ ಅದಕ್ಕಿಂತ ಬಹಳ ದೊಡ್ಡದಿತ್ತು.

ಅಜ್ಜಾರು ಎದ್ದರು.

“ನಡಿ, ಗುಡ್ಡದಮಟಾ ಹೋಗಿ ಬರೂಣು. ಹಿಂದ ಕುಂತು ನೋಡತೇನಿ.”

ಹಿಂದಿನ ಸೀಟು ಅಟ್ಟದಷ್ಟು ಎತ್ತರ. ಅಜ್ಜಾರು ಧೋತರ ಎತ್ತಿ ಕಟ್ಟಿ, ಶಿಷ್ಯನ ಹೆಗಲು ಹಿಡಿದು ಹೇಗೋ ಹತ್ತಿ ಕೂತರು. ಹೆಲ್ಮೆಟ್ಟಿನಿಂದ ಗಡ್ಡವೊಂದೇ ಹೊರಗೆ ಕಾಣುತ್ತಿತ್ತು.

ದಾರಿಯುದ್ದಕ್ಕೂ ಶಂಭುಲಿಂಗನ ಬಾಯಿಗೆ ಬಿಡುವಿಲ್ಲ. ಬ್ರೇಕಿನ ಗುಣ ಹೇಳಿದ, ಗೇರಿನ ಗುಣ ಹೇಳಿದ, ಟೈರಿನ ಹಿಡಿತ ಎಂಥದೆಂದು ಹೇಳಿದ.

“ಶಂಭು, ಸ್ವಲ್ಪ ನಿಲ್ಲಸು,” ಎಂದರು ಅಜ್ಜಾರು.

“ಹೌದ್ರಿ ಅಜ್ಜಾರ, ಭಾರೀ ಪಿಕಪ್ ಐತಿ!” ಎಂದ ಶಂಭುಲಿಂಗ.

ಮುಂದೆ ರೈಲ್ವೆ ಗೇಟು ಹಾಕಿತ್ತು. ಬೈಕು ನಿಂತಿತು. ಪಕ್ಕದ ಬೈಕಿನವನು, “ಎಷ್ಟು ಮೈಲೇಜ್ ಕೊಡತೈತ್ರಿ?” ಎಂದು ಕೇಳಿದ. ಶಂಭುಲಿಂಗನಿಗೆ ಅಷ್ಟೇ ಬೇಕಾಗಿತ್ತು. ರೈಲು ಬಂದು ಹೋಗುವವರೆಗೂ ಅವನಿಗೆ ವಿವರಿಸಿದ. ಗೇಟು ತೆರೆಯಿತು, ಹೊರಟ.

ಗುಡ್ಡದ ಬುಡದಲ್ಲಿ ನಿಲ್ಲಿಸಿ, “ಹೆಂಗನಸ್ತ್ರಿ ಅಜ್ಜಾರ?” ಎಂದ.

ತಿರುಗಿ ನೋಡಿದರೆ ಸೀಟು ಖಾಲಿ.

ಎಲ್ಲಿ ಬಿದ್ದರೋ ಏನೋ! ಗಾಡಿ ತಿರುಗಿಸಿಕೊಂಡು, ರಸ್ತೆಯ ಎರಡೂ ಬದಿಯ ತಗ್ಗು, ಮುಳ್ಳುಕಂಟಿ ನೋಡುತ್ತ ಬಂದ.

ರೈಲ್ವೆ ಗೇಟಿನ ಹತ್ತಿರ, ಬೇವಿನ ಮರದ ಕೆಳಗೆ ಅಜ್ಜಾರು ಕೂತಿದ್ದರು. ಹೆಲ್ಮೆಟ್ಟಿನ ತುಂಬ ಶೇಂಗಾ ಹಾಕಿಸಿಕೊಂಡು ಒಂದೊಂದೇ ಸುಲಿದು ತಿನ್ನುತ್ತಿದ್ದರು.

ಶಂಭುಲಿಂಗ ಅವರ ಕಾಲು ಹಿಡಿದ.

“ಯಾವಾಗ ಇಳದ್ರಿ ಅಜ್ಜಾರ? ಜೀವಾನ ಹೋಗಿತ್ತು ನಂದು.”

“ಗೇಟ್ ಹಾಕಿದಾಗ. ಕಾಲು ಜೋಮು ಹಿಡದಿತ್ತು. ಇಳೀತೇನಿ ಅಂತ ಹೇಳೇ ಇಳದೆ.”

“ಕೇಳಿಸಲೇ ಇಲ್ರಿ ನನಗ. ಗಾಡಿನೂ ಭಾರ ಐತಿ. ಹಿಂದ ಇದ್ದಾರೋ ಇಲ್ಲೋ ಗೊತ್ತ ಆಗೂದಿಲ್ಲ.”

“ಕುಣೀಲಾರದಾಕಿ ನೆಲ ಡೊಂಕ ಅಂದಿದ್ಲಂತ,” ಎಂದು ಅಜ್ಜಾರು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: “ನಾ ಇಲ್ಲಿ ಇಳದೆ. ನೀಲಾ ಎಲ್ಲಿ ಇಳದ್ಲು?”

ಶಂಭುಲಿಂಗ ಅವರ ಪಕ್ಕ ನೆಲಕ್ಕೆ ಕೂತ.

“ಕೆರಿ ಹತ್ರ ಇರಬೇಕ್ರಿ,” ಎಂದ. “ಆಕಿ ಅವ್ವ ತೀರಿಕೊಂಡ ಮ್ಯಾಲ ಮೊದಲನೇ ಸಲ ಹೊರಗ ಕರಕೊಂಡು ಹೊಂಟಿದ್ದೆ. ಕೆರಿ ಏರಿ ಮ್ಯಾಲ ಬಂದಾಗ, ಸ್ವಲ್ಪ ನಿಲ್ಲಸ್ರಿ, ಇಲ್ಲಿ ಕುಂದ್ರಬೇಕು ಅನಸಾಕತ್ತೈತಿ ಅಂದ್ಲು. ಅವತ್ತ ನಮ್ಮ ಜೋಡಿ ಬಂದಿದ್ದ ಗೆಳ್ಯಾರೆಲ್ಲ ತಮ್ಮ ಗಾಡಿ ಮ್ಯಾಲ ಮುಂದ ಹೋಗಿದ್ರು. ನಾ ನಿಲ್ಲಸಲಿಲ್ಲ. ಮತ್ತೊಮ್ಮೆ ಅಂದ್ಲು. ಆಗೂ ನಿಲ್ಲಸಲಿಲ್ಲ.”

“ಆಮ್ಯಾಲ?”

“ಮನಿಮಟಾ ಹಿಂದ ಕುಂತಿದ್ಲು ಅಜ್ಜಾರ. ಒಂದ ಮಾತೂ ಆಡಲಿಲ್ಲ.” ಅವನ ಕಣ್ಣು ತುಂಬಿದವು. ಗುರುಗಳ ಮುಂದೆ ಅಳುವುದಕ್ಕೆ ನಾಚಿಕೆಯಾಗಿ ಮುಖ ಆಚೆ ತಿರುಗಿಸಿದ. “ಅಲ್ಲೇ ಇಳದಾಳ್ರಿ ಆಕಿ.”

ಅಜ್ಜಾರು ಒಂದು ಹಿಡಿ ಶೇಂಗಾ ಅವನ ಬೊಗಸೆಗೆ ಹಾಕಿದರು.

“ನಿನ್ನ ಹಳೇ ಗಾಡಿ ಇನ್ನೊಂದ ಸಲ ಆ ಕೆರೀಮಟಾ ಹೋದೀತೇನು?”